‘ಬಜೆಟ್ ಏರ್‌ಲೈನ್’ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಹತ್ತು ಗಂಟೆಯೊಳಗೆ ಬೇಕು

ಶಿವಮೊಗ್ಗದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಕಾಮರ್ಸ್ ಮಕ್ಕಳು ಒಂದು ಪ್ರದರ್ಶನ ಇಡುತ್ತಿದ್ದಾರೆ. ಇಂಧನದ ಬೆಲೆ ಏರಿದರೆ ವಿಮಾನ ಕಂಪನಿಗಳಿಗೆ ಏನಾಗುತ್ತದೆ ಅನ್ನೋದು ವಿಷಯ. ನಮ್ಮೂರ ವಿಮಾನ ನಿಲ್ದಾಣ ಇರುವ ಸೋಗಾನೆಯಿಂದ 2023ರ ಆಗಸ್ಟ್ 31ಕ್ಕೆ ಬೆಂಗಳೂರಿನ ವಿಮಾನ ಶುರುವಾಯಿತಲ್ಲ, ಅಲ್ಲಿಂದ ಮಕ್ಕಳಿಗೆ ಈ ವಿಷಯ ಅಂದರೆ ಆಸಕ್ತಿ ಜಾಸ್ತಿ. ಫಲಕಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಜೆಟ್ ಏರ್‌ಲೈನ್, ಫುಲ್ ಸರ್ವಿಸ್ ಏರ್‌ಲೈನ್, ಫ್ಯೂಯೆಲ್ ಸರ್ಚಾರ್ಜ್, ಈ ಮೂರು ಕೈಕೊಟ್ಟಿವೆ. ಮೊದಲನೆಯದಕ್ಕೆ ‘ಅಗ್ಗದ ವಿಮಾನ’ ಅಂತ ಬರೆದಿದ್ದೆ. ಒಬ್ಬ ಹುಡುಗಿ ಓದಿ, “ಸರ್, ವಿಮಾನವೇ ಅಗ್ಗದ್ದು ಅಂದರೆ ಹತ್ತೋಕೆ ಭಯ ಆಗಲ್ವಾ?” ಅಂದಳು. ಅವಳು ಹೇಳಿದ್ದು ಸರಿ. ಫ್ಲೆಕ್ಸ್‌ನವರು ನಾಳೆ ಹತ್ತಕ್ಕೆ ಕೇಳುತ್ತಾರೆ.

ಸಾಗರದಿಂದ

ಮೊದಲು ‘ವಿಮಾನ’ ಬಿಡಿ. ‘ಬಾನೋಡ’ ಇದೆ. ‘ಇಂಧನ’ ಯಾಕೆ? ಉರಿಯುವುದು ಉರುವಲು. ‘ಅಗ್ಗದ ಬಾನೋಡ’, ‘ತುಂಬೂಳಿಗದ ಬಾನೋಡ’, ‘ಉರುವಲು ಮೇಲ್ತೆರಿಗೆ’. ಮೂರೂ ಆಯಿತು. ಸಾಲ ತರುವ ಮುಂಚೆ ಮನೆಯ ಪೆಟ್ಟಿಗೆ ನೋಡಿಕೊಳ್ಳಬೇಕು.

ತೀರ್ಥಹಳ್ಳಿಯಿಂದ

ಒಂದೂ ಆಗಲಿಲ್ಲ.

ಉರುವಲು ಅಂದರೆ ನಮ್ಮ ಕಡೆ ಬಚ್ಚಲ ಒಲೆಗೆ ಹಾಕುವುದು. ಸೌದೆ, ತೆಂಗಿನ ಮಟ್ಟೆ, ಒಣಗಿದ ಅಡಿಕೆ ಸೋಗೆ. ಮಳೆ ಹಿಡಿಯುವ ಮೊದಲು ಕೊಟ್ಟಿಗೆಯ ಪಕ್ಕ ಒಟ್ಟಿ ಇಡುತ್ತೇವೆ. ಆ ಪದ ಕೇಳಿದರೆ ನನಗೆ ಹೊಗೆಯ ವಾಸನೆ ಬರುತ್ತದೆ. ವಿಮಾನಕ್ಕೆ ತುಂಬುವುದು ಸೀಮೆಎಣ್ಣೆಯ ಜಾತಿಯದು, ಚೆನ್ನಾಗಿ ಶುದ್ಧ ಮಾಡಿದ್ದು. ಬೇಕಾದರೆ ‘ಎಣ್ಣೆ’ ಅನ್ನಿ.

ಮೇಲ್ತೆರಿಗೆಯಂತೂ ಪೂರ್ತಿ ತಪ್ಪು. ತೆರಿಗೆ ಸರ್ಕಾರಕ್ಕೆ ಹೋಗುವ ದುಡ್ಡು. ಆದಾಯ ತೆರಿಗೆಯ ಮೇಲಿನ ಸರ್ಚಾರ್ಜ್‌ಗೆ ಆ ಪದ ಸರಿ. ವಿಮಾನ ಕಂಪನಿ ಹಾಕುವುದು ಅದಲ್ಲ. ಇಂಡಿಗೋ 2023ರ ಅಕ್ಟೋಬರ್‌ನಲ್ಲಿ ಟಿಕೆಟ್ ಮೇಲೆ ಇಂಧನದ ಲೆಕ್ಕಕ್ಕೆ ಹೆಚ್ಚು ದುಡ್ಡು ಹಾಕಿತು. ದೂರ ಜಾಸ್ತಿ ಆದಂತೆ ದುಡ್ಡೂ ಜಾಸ್ತಿ. 2024ರ ಜನವರಿಯಲ್ಲಿ ಕೈಬಿಟ್ಟಿತು. ಅದು ಕಂಪನಿಗೇ ಹೋದ ದುಡ್ಡು. ನಿಜವಾದ ತೆರಿಗೆ ಬೇರೆಯೇ ಇದೆ. ವಿಮಾನದ ಇಂಧನ ಇನ್ನೂ ಜಿಎಸ್‌ಟಿಗೆ ಸೇರಿಲ್ಲ, ಅದರ ಮೇಲೆ ರಾಜ್ಯಗಳು ವ್ಯಾಟ್ ಅನ್ನೋ ಮಾರಾಟದ ತೆರಿಗೆ ಹಾಕುತ್ತವೆ. ಎರಡಕ್ಕೂ ತೆರಿಗೆ ಅಂದರೆ ಮಕ್ಕಳು ಕಲಿಯುವುದೇನು?

ಇನ್ನು ಅಗ್ಗದ ಮಾತು. ಆ ಹುಡುಗಿ ಸರಿಯಾದ ಕಡೆ ಬೆರಳಿಟ್ಟಿದ್ದಾಳೆ. ಅಗ್ಗ ಆಗಿರುವುದು ಟಿಕೆಟ್. ಕಂಪನಿ ಮಾಡುವುದು ತನ್ನ ಖರ್ಚನ್ನು ಕತ್ತರಿಸುವುದು. ಊಟಕ್ಕೆ ಬೇರೆ ದುಡ್ಡು. ಆದಷ್ಟು ಒಂದೇ ಬಗೆಯ ವಿಮಾನ. ಇಳಿದ ಅರ್ಧ ಗಂಟೆಗೆ ಮತ್ತೆ ಹಾರಾಟ. ಏರ್‌ಬಸ್ ಎ320 ಅನ್ನೋ ಒಂದು ವಿಮಾನದಲ್ಲಿ 180 ಸೀಟು ಕೂರಿಸುತ್ತಾರೆ. 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಗೋಪಿನಾಥ್ ಹಿಡಿದ ದಾರಿ ಇದೇ. ಆದರೆ ಇಂಧನವನ್ನು ಹೀಗೆ ಕತ್ತರಿಸೋಕೆ ಬರಲ್ಲ. ಪ್ರತಿ ತಿಂಗಳ ಒಂದನೇ ತಾರೀಕು ತೈಲ ಕಂಪನಿಗಳು ದರ ಬದಲಿಸುತ್ತವೆ. ಅದು ಊಟ ಕೊಡುವ ಕಂಪನಿಗೂ ಬಂತು, ಕೊಡದ ಕಂಪನಿಗೂ ಬಂತು. ಉಳಿದದ್ದನ್ನೆಲ್ಲ ಕತ್ತರಿಸಿ ಆದಮೇಲೆ ಒಟ್ಟು ಖರ್ಚಿನಲ್ಲಿ ಇಂಧನದ ಪಾಲೇ ದೊಡ್ಡದಾಗಿ ಕಾಣುತ್ತದೆ. ದರ ಏರಿದರೆ ಇವರಿಗೆ ಪೆಟ್ಟು ಜೋರು. ಟಿಕೆಟ್ ಏರಿಸೋಣ ಅಂದರೆ ಶಿವಮೊಗ್ಗದವನು ಜನಶತಾಬ್ದಿ ಹತ್ತುತ್ತಾನೆ, ಇಲ್ಲ ರಾತ್ರಿ ಬಸ್ಸು.

ಪೂರ್ಣ ಸೇವೆಯವರ ಪಾಡು ಬೇರೆ. ಬಿಸಿನೆಸ್ ಕ್ಲಾಸ್‌ನ ಅಗಲ ಸೀಟು, ಅಡುಗೆ ಸಾಮಾನಿನ ತೂಕ. ಸೀಟು ಕಡಿಮೆ ಇರುವುದರಿಂದ ಒಂದೊಂದು ಸೀಟಿಗೆ ಇಂಧನ ಜಾಸ್ತಿ ಬೀಳುತ್ತದೆ. ಆದರೆ ಅವರಲ್ಲಿ ಎಷ್ಟೋ ಟಿಕೆಟ್‌ಗಳ ದುಡ್ಡು ಕೊಡುವುದು ಪ್ರಯಾಣಿಕರಲ್ಲ, ಅವರ ಆಫೀಸು. ಎರಡು ಸಾವಿರ ಏರಿಸಿದರೂ ಹತ್ತುವವರು ಸಿಗುತ್ತಾರೆ.

ಆದ್ದರಿಂದ ಪದದೊಳಗೆ ‘ವೆಚ್ಚ’ ಇರಲೇಬೇಕು. ‘ಮಿತವೆಚ್ಚದ ವಿಮಾನ ಕಂಪನಿ’. ಇನ್ನೊಂದು ‘ಪೂರ್ಣ ಸೇವೆಯ ವಿಮಾನ ಕಂಪನಿ’, ಅದರಲ್ಲಿ ಚರ್ಚೆ ಏನಿಲ್ಲ. ಸರ್ಚಾರ್ಜ್‌ಗೆ ‘ಎಣ್ಣೆ ಬಾಬ್ತು’.

ಸಾಗರದಿಂದ

ಸಂಸ್ಕೃತ ಸಾಲದು ಅಂತ ಈಗ ಉರ್ದುವಿಗೆ ಹೊರಟಿರಾ? ‘ಬಾಬ್ತು’ ಕನ್ನಡವೇ ಅಲ್ಲ. ಹೀಗೆ ಒಂದೊಂದೇ ಬಿಟ್ಟುಕೊಟ್ಟು ನಮ್ಮ ಪದಗಳು ಬಚ್ಚಲ ಒಲೆಗೆ ಸೇರಿದ್ದು.

ತೀರ್ಥಹಳ್ಳಿಯಿಂದ

ಅಡಿಕೆ ಮಂಡಿಯ ಚೀಟಿ ತೆಗೆದು ನೋಡಿ. ಮೇಲೆ ತೂಕ, ದರ. ಕೆಳಗೆ ಹಮಾಲಿ ಬಾಬ್ತು ಇಷ್ಟು ಅಂತ ಬೇರೆ ಸಾಲು. ಅಕ್ಷರ ಬಾರದ ನಮ್ಮಜ್ಜನೂ ಆ ಸಾಲು ಯಾವುದಕ್ಕೆ ಅಂತ ಕೇಳದೆ ಬಿಡುತ್ತಿರಲಿಲ್ಲ. ಸರ್ಚಾರ್ಜ್ ಅಂದರೆ ಅದೇ ಅಲ್ವಾ? ದರಕ್ಕೆ ಸೇರಿಸದೆ, ಇದಕ್ಕಿಷ್ಟು ಅಂತ ಬೇರೆ ತೋರಿಸುವ ದುಡ್ಡು. ತಲೆಮಾರುಗಳಿಂದ ರೈತರ ಬಾಯಲ್ಲಿ ಇರುವ ಪದ ಕನ್ನಡ ಅಲ್ಲ ಅನ್ನೋದಾದರೆ ಸೀಮೆಸುಣ್ಣ, ಸೀಮೆಹಸು ಎಲ್ಲವನ್ನೂ ಬಿಡಬೇಕು. ಆ ‘ಸೀಮೆ’ಯೂ ಸಂಸ್ಕೃತದ್ದೇ.

ಸಾಗರದಿಂದ

ಬಾಯಲ್ಲಿ ಇದ್ದದ್ದೆಲ್ಲ ಕನ್ನಡ ಅಂದರೆ ‘ಸರ್ಚಾರ್ಜ್’ ಅಂತಲೇ ಬರೆಯಿರಿ. ಈ ಚರ್ಚೆ ಯಾಕೆ?

ಶಿವಮೊಗ್ಗದಿಂದ

ಇಬ್ಬರಿಗೂ ಧನ್ಯವಾದ. ಫ್ಲೆಕ್ಸ್ ಹೋಯಿತು. ‘ಮಿತವೆಚ್ಚದ ವಿಮಾನ ಕಂಪನಿ’, ‘ಪೂರ್ಣ ಸೇವೆಯ ವಿಮಾನ ಕಂಪನಿ’ ಅಂತ ಹಾಕಿದೆ. ‘ಎಣ್ಣೆ’ ಮಾತ್ರ ಬೇಡ ಅನ್ನಿಸಿತು. ಕಾಲೇಜಿನ ಗೋಡೆಯ ಮೇಲೆ ‘ಎಣ್ಣೆ ಬೆಲೆ ಏರಿದೆ’ ಅಂತ ಕಂಡರೆ ಹುಡುಗರು ಬೇರೆ ಅರ್ಥ ಹಿಡಿಯುತ್ತಾರೆ, ಮಕ್ಕಳ ಎರಡು ವಾರದ ಕೆಲಸ ಹಾಳಾಗುತ್ತದೆ. ‘ಇಂಧನ ಬಾಬ್ತು’ ಅಂತ ಮಾಡಿದೆ.

ಇನ್ನೊಂದು ಫಲಕ ಉಳಿದಿದೆ, ಅದು ಸೋಮವಾರಕ್ಕೆ. ಮುಂದೆ ಕೊಳ್ಳುವ ಇಂಧನಕ್ಕೆ ಕಂಪನಿಗಳು ಇವತ್ತೇ ದರ ಗೊತ್ತು ಮಾಡಿಕೊಳ್ಳುತ್ತವಲ್ಲ, ಹೆಡ್ಜಿಂಗ್ ಅಂತ, ಅದಕ್ಕೆ ‘ಚೇಣಿ’ ಅನ್ನಬಹುದಾ? ಅಡಿಕೆ ಮರದಲ್ಲಿ ಇರುವಾಗಲೇ ಇಡೀ ಫಸಲಿಗೆ ವ್ಯಾಪಾರ ಮಾತಾಡಿಕೊಳ್ಳುತ್ತೇವಲ್ಲ.

ತೀರ್ಥಹಳ್ಳಿಯಿಂದ

ಬೇಡ. ಚೇಣಿ ಕೊಟ್ಟರೆ ಕೊಯ್ಯುವವನೂ ಚೇಣಿ ಹಿಡಿದವನೇ, ಸುಲಿಯುವವನೂ ಅವನೇ. ಫಸಲೇ ಕೈ ಬದಲಾಗುತ್ತದೆ. ಇಲ್ಲಿ ದರ ಮಾತ್ರ ಕಟ್ಟಿಕೊಳ್ಳುತ್ತಾರೆ. ‘ಮುಂಗಡ ದರಕಟ್ಟು’ ಅಂತ ಮಾಡಿ ನೋಡಿ.

ಸಾಗರದಿಂದ

‘ಮುಂಗಟ್ಟು’ ಸಾಕು. ದರ ಹೊರಗಿನ ಪದ.

ತೀರ್ಥಹಳ್ಳಿಯಿಂದ

ಮುಂಗಟ್ಟು ಅಂದರೆ ಅಂಗಡಿಯ ಎದುರು ಭಾಗ ಅಂದುಕೊಳ್ಳುತ್ತಾರೆ. ದರ ಇರಲಿ.