ಮಳೆಗಾಲದ ಒಂದು ಏರಿಗಾಗಿ ಫೋರ್ ವೀಲ್ ಡ್ರೈವ್ ವಾಹನ ಕೊಳ್ಳಬೇಕೇ?

ಪ್ರಶ್ನೆ: ಮಣ್ಣುದಾರಿ

ನಮ್ಮ ಮನೆಗೂ ಡಾಂಬರು ರಸ್ತೆಗೂ ನಡುವೆ ಸುಮಾರು ಮೂರು ಕಿಲೋಮೀಟರ್ ಮಣ್ಣಿನ ದಾರಿಯಿದೆ. ಒಣಗಿದ ದಿನಗಳಲ್ಲಿ ಯಾವ ಕಾರಾದರೂ ಸಲೀಸಾಗಿ ಓಡಾಡುವ ಈ ದಾರಿ ಮಳೆ ಹಿಡಿದುಕೊಂಡ ಮೇಲೆ ಬೇರೆಯೇ ಆಗಿಬಿಡುತ್ತದೆ. ಮಧ್ಯದಲ್ಲಿ ಬರುವ ಒಂದು ಏರಿನಲ್ಲಿ ಮುಂದಿನ ಚಕ್ರಗಳು ಗಿರ್ರನೆ ತಿರುಗುತ್ತವೆಯೇ ಹೊರತು ಕಾರು ಒಂದಡಿಯೂ ಮೇಲೇರುವುದಿಲ್ಲ; ಅಂಥ ದಿನಗಳಲ್ಲಿ ಕಾರನ್ನು ಕೆಳಗೇ ಬಿಟ್ಟು ನಡೆದು ಬರುವುದು ಮನೆಯವರಿಗೆಲ್ಲ ರೂಢಿಯಾಗಿದೆ. ಉಳಿದ ಓಡಾಟವೆಲ್ಲ ಡಾಂಬರಿನ ಮೇಲೆಯೇ ನಡೆಯುತ್ತದೆ.

ಈಗಿನ ಕಾರು ಹಳೆಯದಾಗಿರುವುದರಿಂದ ಅದನ್ನು ಹೇಗೂ ಬದಲಿಸಬೇಕಿದೆ. ಎಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಹೋಗುವ ಫೋರ್ ವೀಲ್ ಡ್ರೈವ್ ತೆಗೆದುಕೊಂಡರೆ ದಾರಿಯ ಚಿಂತೆಯೇ ಇರುವುದಿಲ್ಲವೆಂದು ಕೆಲವರು ಹೇಳುತ್ತಾರೆ. ವರ್ಷದಲ್ಲಿ ಕೆಲವೇ ವಾರ ಬೇಕಾಗುವ ಸಲಕರಣೆಯನ್ನು ವರ್ಷವಿಡೀ ಹೊತ್ತು ತಿರುಗುವುದರಲ್ಲಿ ಅರ್ಥವಿಲ್ಲವೆಂದು ಇನ್ನು ಕೆಲವರು ಹೇಳುತ್ತಾರೆ. ಇಂಥ ವಾಹನವನ್ನು ಇಟ್ಟುಕೊಂಡು ಓಡಿಸಿದವರು, ಅದು ನಿಜವಾಗಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಮತ್ತು ಇಟ್ಟುಕೊಳ್ಳುವುದರ ಹೊರೆ ಎಷ್ಟು ಎಂಬುದನ್ನು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಗೇರ್‌ಬಾಕ್ಸ್ ಗೆಳೆಯ

ನಿಮ್ಮ ಕಾರು ಆ ಏರಿನಲ್ಲಿ ಸೋಲುವುದಕ್ಕೆ ಕಾರಣ ಎಂಜಿನ್ನಿಗೆ ಶಕ್ತಿ ಸಾಲದಿರುವುದಲ್ಲ, ಆ ಶಕ್ತಿಯನ್ನು ನೆಲಕ್ಕೆ ದಾಟಿಸಬೇಕಾದ ಚಕ್ರಗಳ ಮೇಲೆ ಭಾರ ಸಾಲದಿರುವುದು. ಏರು ಹತ್ತುವಾಗ ವಾಹನದ ಭಾರ ಹಿಂಬದಿಗೆ ಸರಿಯುತ್ತದೆ. ಮುಂಚಕ್ರ ಚಾಲನೆಯ ಕಾರಿನಲ್ಲಿ ಎಳೆಯಬೇಕಾದ ಚಕ್ರಗಳೇ ಹಗುರಾಗುವುದರಿಂದ ಒದ್ದೆ ಮಣ್ಣಿನ ಮೇಲೆ ಅವುಗಳ ಹಿಡಿತ ತಪ್ಪುತ್ತದೆ. ಮುಂದಕ್ಕೆ ಹತ್ತಲಾರದ ಕಾರು ಅದೇ ಏರನ್ನು ರಿವರ್ಸ್ ಗೇರಿನಲ್ಲಿ ಹತ್ತಿಬಿಡುವುದುಂಟು, ಏಕೆಂದರೆ ಆಗ ಚಾಲನೆಯ ಚಕ್ರಗಳು ಕೆಳಬದಿಗೆ ಬಂದು ಭಾರ ಹೊರುತ್ತವೆ. (ದಾರಿ ಕಿರಿದಾಗಿದ್ದು ಪಕ್ಕದಲ್ಲಿ ಚರಂಡಿಯಿದ್ದರೆ ಈ ಉಪಾಯದ ತಂಟೆಗೆ ಹೋಗದಿರುವುದೇ ಲೇಸು.) ನಾಲ್ಕೂ ಚಕ್ರಗಳಿಗೆ ಚಾಲನೆಯಿದ್ದಾಗ ಭಾರ ಯಾವ ಕಡೆಗೆ ಸರಿದರೂ ಅದರ ಪ್ರಯೋಜನ ಸಿಗುತ್ತದೆ. ಆದ್ದರಿಂದ ನೀವು ವರ್ಣಿಸಿದ ತೊಂದರೆ ಫೋರ್ ವೀಲ್ ಡ್ರೈವ್‌ಗೆ ಹೇಳಿ ಮಾಡಿಸಿದಂಥದ್ದು.

ಆದರೆ ಈ ಹೆಸರಿನಡಿ ಮಾರಾಟವಾಗುವ ವ್ಯವಸ್ಥೆಗಳೆಲ್ಲ ಒಂದೇ ಅಲ್ಲ. 1941ರ ವಿಲ್ಲಿಸ್ ಜೀಪಿನಿಂದ ಇಂದಿನವರೆಗೆ ಬಳಕೆಯಲ್ಲಿರುವ ಪಾರ್ಟ್ ಟೈಮ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಹಿಂದಿನ ಚಕ್ರಗಳು ಮಾತ್ರ ಓಡಿಸುತ್ತವೆ. ಬೇಕೆಂದಾಗ ಚಾಲಕ ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಲಿವರ್ ಎಳೆದರೆ ಮುಂದಿನ ಆಕ್ಸಲ್ಲೂ (ಚಕ್ರಗಳ ಅಚ್ಚು) ಹಿಂದಿನದರೊಂದಿಗೆ ಬಿಗಿಯಾಗಿ ಕೂಡಿಕೊಳ್ಳುತ್ತದೆ. ಈ ಬಿಗಿತವೇ ಅದರ ಬಲವೂ ಹೌದು, ದೋಷವೂ ಹೌದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತದಲ್ಲಿ ಸಾಗಬೇಕಾಗುತ್ತದೆ. ಕೆಸರಿನಲ್ಲಿ ಆ ವ್ಯತ್ಯಾಸವನ್ನು ಚಕ್ರ ಜಾರಿ ಸರಿದೂಗಿಸಿಕೊಳ್ಳುತ್ತದೆ, ಒಣ ಡಾಂಬರಿನ ಮೇಲೆ ಜಾರಲು ಅವಕಾಶವಿಲ್ಲದೆ ಗೇರುಗಳೂ ಶಾಫ್ಟುಗಳೂ ತಿರುಚಿಕೊಳ್ಳುತ್ತವೆ. ಹೀಗಾಗಿ ಪಾರ್ಟ್ ಟೈಮ್ ವಾಹನವನ್ನು ಒಣ ರಸ್ತೆಯ ಮೇಲೆ ಫೋರ್ ವೀಲ್‌ನಲ್ಲಿ ಓಡಿಸಬಾರದು. 1980ರಲ್ಲಿ ಬಂದ ಆಡಿ ಕ್ವಾಟ್ರೊ ರಸ್ತೆ ಕಾರುಗಳಲ್ಲಿ ಹೆಸರುವಾಸಿ ಮಾಡಿದ ಫುಲ್ ಟೈಮ್ ವ್ಯವಸ್ಥೆಯಲ್ಲಿ ನಡುವೆ ಇನ್ನೊಂದು ಡಿಫರೆನ್ಷಿಯಲ್ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಇರುವುದರಿಂದ ಈ ಕಟ್ಟುಪಾಡಿಲ್ಲ. ಮೂರನೆಯದು ಇಂದಿನ ಬಹುಪಾಲು ನಗರದ ಎಸ್‌ಯುವಿಗಳಲ್ಲಿರುವ ಆಲ್ ವೀಲ್ ಡ್ರೈವ್: ಮುಂದಿನ ಚಕ್ರ ಜಾರಿದಾಗ ಒಂದು ಕ್ಲಚ್ ಪ್ಯಾಕ್ (ಒಂದಕ್ಕೊಂದು ಒತ್ತಿಕೊಂಡು ಬಲ ದಾಟಿಸುವ ತಟ್ಟೆಗಳ ಕಟ್ಟು) ತಾನಾಗಿ ಹಿಂದಿನ ಚಕ್ರಗಳಿಗೂ ಬಲ ಕಳಿಸುತ್ತದೆ. ಸಣ್ಣಪುಟ್ಟ ಜಾರುವಿಕೆಗೆ ಇದು ಚೆನ್ನಾಗಿದೆ. ಆಳವಾದ ಕೆಸರಿನಲ್ಲಿ ಬಹಳ ಹೊತ್ತು ಗುದ್ದಾಡಿದರೆ ಕ್ಲಚ್ ಕಾದು, ತನ್ನನ್ನು ಕಾಪಾಡಿಕೊಳ್ಳಲು ಸಂಪರ್ಕ ಬಿಡಿಸಿಕೊಂಡು, ನಿಮಗೊಂದು ಎಚ್ಚರಿಕೆಯ ದೀಪವನ್ನಷ್ಟೇ ಉಳಿಸುತ್ತದೆ.

ಇನ್ನು ಜಾಹೀರಾತುಗಳು ಹೇಳದ ಒಂದು ಮಾತು. ಸಾಧಾರಣ ಡಿಫರೆನ್ಷಿಯಲ್ ಎರಡು ಬದಿಯ ಚಕ್ರಗಳಿಗೂ ಸಮನಾದ ತಿರುಗುಬಲವನ್ನೇ ಕೊಡುವುದರಿಂದ, ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅದರ ಜೊತೆಯ ಚಕ್ರಕ್ಕೂ ಹೆಚ್ಚುಕಡಿಮೆ ಏನೂ ಸಿಗುವುದಿಲ್ಲ. ಕೊರಕಲು ಬಿದ್ದ ದಾರಿಯಲ್ಲಿ ಮುಂದಿನ ಎಡಚಕ್ರವೂ ಹಿಂದಿನ ಬಲಚಕ್ರವೂ ಒಟ್ಟಿಗೆ ಮೇಲೆದ್ದರೆ ಫೋರ್ ವೀಲ್ ಡ್ರೈವ್ ವಾಹನವೂ ನಿಂತೇಬಿಡುತ್ತದೆ. ಅದನ್ನು ಬಿಡಿಸಲು ಎರಡು ಬದಿಯ ಚಕ್ರಗಳನ್ನೂ ಒಟ್ಟಿಗೇ ತಿರುಗುವಂತೆ ಬಿಗಿಯುವ ಡಿಫರೆನ್ಷಿಯಲ್ ಲಾಕ್ ಬೇಕು, ಇಲ್ಲವೇ ತಿರುಗುವ ಚಕ್ರವನ್ನು ಬ್ರೇಕ್ ಹಿಡಿದು ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಬೇಕು. ನಿಲ್ಲಿಸುವ ವಿಷಯದಲ್ಲಂತೂ ಫೋರ್ ವೀಲ್ ಡ್ರೈವ್‌ನಿಂದ ಲಾಭವಿಲ್ಲ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗೇ ಇರುತ್ತದೆ. ಸುಲಭವಾಗಿ ವೇಗ ಪಡೆದ ವಾಹನ ಅಷ್ಟೇ ಸುಲಭವಾಗಿ ನಿಲ್ಲುತ್ತದೆಂದು ನಂಬಿದವರನ್ನು ಹಿಮದ ರಸ್ತೆಗಳ ಪಕ್ಕದ ಹಳ್ಳಗಳಲ್ಲಿ ಕಾಣಬಹುದು.

ಉತ್ತರ: ಲೆಕ್ಕಾಚಾರಿ

ಯಂತ್ರದ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಅದರಿಂದ ಕೊಳ್ಳುವ ತೀರ್ಮಾನಕ್ಕೆ ಇಷ್ಟು ಬೇಗ ಬರಬೇಕಾಗಿಲ್ಲ. ಪ್ರಶ್ನೆ ಕೇಳಿದವರಿಗೆ ತೊಂದರೆಯಿರುವುದು ಮೂರು ಕಿಲೋಮೀಟರಿನಲ್ಲಲ್ಲ, ಒಂದೇ ಒಂದು ಏರಿನಲ್ಲಿ. ಹಾಗಿದ್ದ ಮೇಲೆ ಕಾರನ್ನು ಬದಲಿಸುವ ಮೊದಲು ಏರನ್ನು ಬದಲಿಸಲು ಸಾಧ್ಯವೇ ಎಂದು ಯೋಚಿಸಬೇಕು. ಮಣ್ಣಿನ ದಾರಿ ಹಾಳಾಗುವುದು ಮಳೆಯಿಂದಲ್ಲ, ಮಳೆಯ ನೀರು ದಾರಿಯನ್ನೇ ಕಾಲುವೆ ಮಾಡಿಕೊಂಡು ಹರಿಯುವುದರಿಂದ. ಏರಿನ ತಲೆಯಲ್ಲಿ ನೀರನ್ನು ಪಕ್ಕಕ್ಕೆ ತಿರುಗಿಸುವ ಒಂದು ಅಡ್ಡಗಾಲುವೆ, ಬದಿಯಲ್ಲಿ ಚರಂಡಿ, ನಡುವೆ ತುಸು ಉಬ್ಬು ಕೊಟ್ಟು ಹಾಸಿ ದಮ್ಮಸು ಮಾಡಿದ ಜಲ್ಲಿ, ಇಷ್ಟಾದರೆ ಸಾಮಾನ್ಯ ಕಾರೇ ಹತ್ತಬಹುದು. ಈ ಕೆಲಸಕ್ಕೆ ತಗಲುವ ವೆಚ್ಚ ಎರಡು ಬಗೆಯ ವಾಹನಗಳ ಬೆಲೆಯ ಅಂತರದ ಮುಂದೆ ಬಹುಶಃ ಸಣ್ಣದೇ ಇರುತ್ತದೆ, ಮತ್ತು ದಾರಿಯಲ್ಲಿ ಓಡಾಡುವ ಎಲ್ಲರಿಗೂ ಅದರ ಉಪಯೋಗವಾಗುತ್ತದೆ.

ದಾರಿಯನ್ನು ಮುಟ್ಟಲಾಗದಿದ್ದರೆ ಮುಂದಿನ ಪ್ರಶ್ನೆ ಟಯರಿನದು. ನುಣ್ಣಗಾದ ಹೈವೇ ಟಯರುಗಳ ಗೀರುಗಳಲ್ಲಿ ಮಣ್ಣು ಒಮ್ಮೆ ತುಂಬಿಕೊಂಡಿತೆಂದರೆ, ನಾಲ್ಕು ಚಕ್ರಗಳು ಓಡಿಸಿದರೂ ನಾಲ್ಕೂ ಒಟ್ಟಿಗೆ ಜಾರುತ್ತವೆ, ಅಷ್ಟೇ. ಗೀರು ಆಳವಾಗಿರುವ ಆಲ್ ಟೆರೇನ್ ಟಯರುಗಳನ್ನು ಹಾಕಿದ ಎರಡು ಚಕ್ರಚಾಲನೆಯ ವಾಹನ ಎಷ್ಟೋ ಕಡೆ ಇದಕ್ಕಿಂತ ಮುಂದೆ ಹೋಗುತ್ತದೆ. ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ವಾಹನದ ಹೊಟ್ಟೆಗೂ ನಡುವಿನ ಅಂತರ) ಕೂಡ ಹಾಗೆಯೇ: ಹೊಟ್ಟೆ ದಿಬ್ಬಕ್ಕೆ ಕೂತು ಚಕ್ರಗಳು ನೇತಾಡತೊಡಗಿದರೆ ಚಾಲನೆ ಎಷ್ಟು ಚಕ್ರಗಳಿಗಿದ್ದರೇನು?

ಹೊರೆಯ ಬಗ್ಗೆ ಕೇಳಿದ್ದೀರಿ. ಟ್ರಾನ್ಸ್‌ಫರ್ ಕೇಸ್, ಇನ್ನೊಂದು ಡಿಫರೆನ್ಷಿಯಲ್, ಆಕ್ಸಲ್ಲಿಗೆ ಬಲ ಒಯ್ಯುವ ಇನ್ನೊಂದು ಪ್ರೊಪೆಲ್ಲರ್ ಶಾಫ್ಟ್ ಇವೆಲ್ಲ ಸೇರಿ ಸಾಮಾನ್ಯವಾಗಿ 50ರಿಂದ 100 ಕಿಲೋ ತೂಕ ಹೆಚ್ಚಿಸುತ್ತವೆ. ನೀವು ಎಂದೂ ಫೋರ್ ವೀಲ್ ಹಾಕದಿದ್ದರೂ ಆ ತೂಕ ಪ್ರತಿ ಕಿಲೋಮೀಟರಿಗೂ ಇಂಧನ ಕೇಳುತ್ತದೆ. ಎಂಜಿನ್ ಆಯಿಲ್ ಮತ್ತು ಗೇರ್ ಆಯಿಲ್ ಅಲ್ಲದೆ ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್ ಎಂದು ಮೂರು ಕಡೆ ಬೇರೆ ಬೇರೆ ಆಯಿಲ್ ಬದಲಿಸಬೇಕು. ಫುಲ್ ಟೈಮ್ ಮತ್ತು ಆಲ್ ವೀಲ್ ವಾಹನಗಳಲ್ಲಿ ನಾಲ್ಕು ಟಯರುಗಳ ಸವೆತವೂ ಹತ್ತಿರ ಹತ್ತಿರ ಸಮನಾಗಿರಬೇಕು. ಒಂದು ಟಯರು ಹರಿದು ಹೊಸದನ್ನು ಹಾಕಿದರೆ ಅದರ ಸುತ್ತಳತೆ ಉಳಿದ ಮೂರಕ್ಕಿಂತ ಹೆಚ್ಚಾಗಿ, ನಡುವಿನ ಕ್ಲಚ್ಚೋ ಡಿಫರೆನ್ಷಿಯಲ್ಲೋ ಹೆದ್ದಾರಿಯಲ್ಲಿ ನೇರವಾಗಿ ಹೋಗುವಾಗಲೂ ಬಿಡುವಿಲ್ಲದೆ ದುಡಿಯಬೇಕಾಗುತ್ತದೆ; ಸವೆತ ಹೆಚ್ಚಿದ್ದಾಗ ಒಂದರ ಬದಲು ನಾಲ್ಕನ್ನೂ ಕೊಳ್ಳಬೇಕಾಗಿ ಬರುವುದು ಇದೇ ಕಾರಣಕ್ಕೆ. ಇಂಥವು ಕೆಟ್ಟು ನಿಂತರೆ ಸಾಮಾನ್ಯವಾಗಿ ಎರಡು ಚಕ್ರ ಎತ್ತಿ ಎಳೆದೊಯ್ಯುವಂತಿಲ್ಲ, ಇಡೀ ವಾಹನವನ್ನು ಲಾರಿಯ ಮೇಲೆ ಹೇರಬೇಕು.

ನನ್ನ ಅಭಿಪ್ರಾಯ ಇಷ್ಟು: ಒಳ್ಳೆಯ ಟಯರು ಹಾಕಿದ, ಎತ್ತರವಾದ, ಎರಡು ಚಕ್ರಚಾಲನೆಯ ವಾಹನ ಆ ಏರಿನಲ್ಲಿ ಸೋತಮೇಲೆ ಫೋರ್ ವೀಲ್ ಡ್ರೈವ್ ಬಗ್ಗೆ ಯೋಚಿಸಬಹುದು, ಅದಕ್ಕೆ ಮುಂಚೆ ಬೇಡ.

ಉತ್ತರ: ಇಳಿಜಾರು

ಲೆಕ್ಕಾಚಾರಿಯವರ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ, ಅದು ದಾರಿಯಲ್ಲಿ ಸಿಕ್ಕಿಕೊಂಡರೆ ಆಗುವ ನಷ್ಟ. ಅದು ಎಲ್ಲರಿಗೂ ಒಂದೇ ಅಲ್ಲ. ರಜೆಯ ದಿನ ತಿರುಗಾಡಲು ಹೋಗಿ ಕೆಸರಿನಲ್ಲಿ ಹೂತವರಿಗೆ ಅದೊಂದು ಕಥೆಯಾದೀತು. ವಯಸ್ಸಾದವರು ಅಥವಾ ಕಾಯಿಲೆಯವರು ಇರುವ ಮನೆಗೆ ಅದೊಂದೇ ದಾರಿಯಾಗಿದ್ದರೆ, ನಡುರಾತ್ರಿ ಒಂದು ಸಲ ಏರು ಹತ್ತಲಾಗದೆ ಹೋಗುವುದೇ ಎಲ್ಲ ಲೆಕ್ಕವನ್ನೂ ತಲೆಕೆಳಗು ಮಾಡುತ್ತದೆ. ವರ್ಷಕ್ಕೆ ಎಷ್ಟು ದಿನ ಬೇಕಾಗುತ್ತದೆ ಎಂದು ಎಣಿಸುವುದಕ್ಕಿಂತ, ಬೇಕಾದ ದಿನ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿಕೊಳ್ಳುವುದು ಮೇಲು. ಮನೆಯಲ್ಲಿ ಬೆಂಕಿ ಆರಿಸುವ ಸಿಲಿಂಡರನ್ನು ಯಾರೂ ದಿನದ ಲೆಕ್ಕದಲ್ಲಿ ತೂಗುವುದಿಲ್ಲ.

ಎಲ್ಲರೂ ಹತ್ತುವ ಮಾತನ್ನೇ ಆಡಿದ್ದೀರಿ. ನನ್ನ ಅನುಭವದಲ್ಲಿ ಒದ್ದೆ ಮಣ್ಣಿನ ಏರು ಹೆದರಿಸುವುದು ಇಳಿಯುವಾಗ. ಹತ್ತಲಾಗದಿದ್ದರೆ ವಾಹನ ನಿಲ್ಲುತ್ತದೆ. ಇಳಿಯುವಾಗ ಬ್ರೇಕ್ ಒತ್ತಿ ಚಕ್ರ ಕಚ್ಚಿಕೊಂಡರೆ ವಾಹನ ಸ್ಟಿಯರಿಂಗಿನ ಮಾತು ಕೇಳದೆ ತನ್ನಿಷ್ಟದ ಕಡೆಗೆ ಜಾರುತ್ತದೆ. ಲೋ ರೇಂಜ್ (ಹೆಚ್ಚುವರಿಯಾದ ನಿಧಾನದ ಗೇರು) ಇರುವ ವಾಹನದಲ್ಲಿ ಫೋರ್ ಲೋ (ನಾಲ್ಕೂ ಚಕ್ರಗಳಿಗೆ ಆ ಗೇರು) ಹಾಕಿ, ಒಂದನೇ ಗೇರಿನಲ್ಲಿಟ್ಟು, ಕ್ಲಚ್ಚಿನಿಂದ ಕಾಲು ತೆಗೆದುಬಿಟ್ಟರೆ ಎಂಜಿನ್ನೇ ನಾಲ್ಕೂ ಚಕ್ರಗಳನ್ನು ಸಮನಾಗಿ ಹಿಡಿದುಕೊಂಡು ನಡೆಯುವ ವೇಗದಲ್ಲಿ ಇಳಿಸುತ್ತದೆ. ಲೋ ರೇಂಜ್ ಸಾಮಾನ್ಯವಾಗಿ ಗೇರನ್ನು ಎರಡರಿಂದ ನಾಲ್ಕು ಪಟ್ಟು ತಗ್ಗಿಸುತ್ತದೆ. ಅಷ್ಟೇ ಪಟ್ಟು ಚಕ್ರದ ಬಲ ಹೆಚ್ಚುತ್ತದೆ, ವೇಗ ಇಳಿಯುತ್ತದೆ. ನಗರದ ಆಲ್ ವೀಲ್ ಡ್ರೈವ್ ಕಾರುಗಳಲ್ಲಿ ಈ ಸೌಲಭ್ಯ ಇರುವುದಿಲ್ಲ. ಇಳಿಜಾರಿಗೆಂದೇ ಇರುವ ಹಿಲ್ ಡಿಸೆಂಟ್ ಬಟನ್ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿದು ಅದೇ ಕೆಲಸ ಮಾಡಲು ನೋಡುತ್ತದೆ, ತಕ್ಕಮಟ್ಟಿಗೆ ಮಾಡುತ್ತದೆ ಕೂಡ, ಆದರೆ ಲೋ ರೇಂಜಿನ ನಿಧಾನದಲ್ಲಿರುವ ಭರವಸೆ ಅದರಲ್ಲಿಲ್ಲ.

ಟಯರಿನ ಬಗ್ಗೆ ಲೆಕ್ಕಾಚಾರಿಯವರು ಹೇಳಿದ್ದು ನೂರಕ್ಕೆ ನೂರು ನಿಜ. ಅದಕ್ಕೆ ಗಾಳಿಯ ಮಾತನ್ನೂ ಸೇರಿಸುತ್ತೇನೆ: ಮೆತ್ತನೆಯ ನೆಲದಲ್ಲಿ 32 ಪಿಎಸ್‌ಐ ಇರುವ ಗಾಳಿಯನ್ನು 20ರ ಆಸುಪಾಸಿಗೆ ಇಳಿಸಿದರೆ ಟಯರು ಅಗಲವಾಗಿ, ಅದಕ್ಕಿಂತ ಹೆಚ್ಚಾಗಿ ಉದ್ದವಾಗಿ ನೆಲವನ್ನು ತಬ್ಬುತ್ತದೆ. ಡಾಂಬರಿಗೆ ಬಂದೊಡನೆ ಮತ್ತೆ ತುಂಬಬೇಕಾದ್ದರಿಂದ ಒಂದು ಸಣ್ಣ ಪಂಪ್ ಜೊತೆಗಿರಬೇಕು.

ಮರುಪ್ರಶ್ನೆ: ಮಣ್ಣುದಾರಿ

ಎಲ್ಲರಿಗೂ ಧನ್ಯವಾದಗಳು. ಏರು ಇರುವ ಜಾಗ ನಮ್ಮದಲ್ಲವಾದ್ದರಿಂದ ಜಲ್ಲಿ ಹಾಸುವ ಮಾತು ನಮ್ಮ ಕೈಯಲ್ಲಿಲ್ಲ. ನೀರು ತಿರುಗಿಸುವ ಅಡ್ಡಗಾಲುವೆಗೆ ಮಾತ್ರ ಜಾಗದವರನ್ನು ಕೇಳಿನೋಡುತ್ತೇನೆ. ಮನೆಯಲ್ಲಿ ವಯಸ್ಸಾದವರು ಇದ್ದಾರೆ, ಇಳಿಜಾರಿನ ಮಾತೂ ಮನಸ್ಸಿಗೆ ನಾಟಿತು. ಹೊಸ ವಾಹನದ ಬೆಲೆ ಭಾರವೆನಿಸುವುದರಿಂದ, ಲೋ ರೇಂಜ್ ಇರುವ ಪಾರ್ಟ್ ಟೈಮ್ ವಾಹನವೊಂದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮೊದಲು ಏನೇನು ನೋಡಬೇಕು?

ಉತ್ತರ: ಗೇರ್‌ಬಾಕ್ಸ್ ಗೆಳೆಯ

ಡ್ಯಾಷ್‌ಬೋರ್ಡಿನಲ್ಲಿ ಫೋರ್ ವೀಲ್ ದೀಪ ಹೊತ್ತಿದ ಮಾತ್ರಕ್ಕೆ ಮುಂದಿನ ಆಕ್ಸಲ್ ಕೂಡಿಕೊಂಡಿದೆ ಎಂದು ನಂಬಬೇಡಿ. ಸಡಿಲ ಜಲ್ಲಿಯೋ ಹುಲ್ಲೋ ಇರುವ ಬಯಲಿಗೆ ವಾಹನ ಒಯ್ದು, ಫೋರ್ ಹೈ (ನಾಲ್ಕೂ ಚಕ್ರಗಳಿಗೆ ಸಾಮಾನ್ಯ ಗೇರು) ಹಾಕಿ, ಸ್ಟಿಯರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆಯಿರಿ. ವಾಹನ ಬಿಗಿಹಿಡಿದಂತಾಗಿ, ಸ್ಟಿಯರಿಂಗ್ ಭಾರವಾಗಿ, ತುಸು ಕುಲುಕಿದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ. ಟೂ ವೀಲ್‌ನಲ್ಲಿದ್ದಷ್ಟೇ ಹಗುರವಾಗಿ ತಿರುಗಿದರೆ ಚಕ್ರವನ್ನು ಆಕ್ಸಲ್ಲಿಗೆ ಸೇರಿಸುವ ಹಬ್ ಇಲ್ಲವೇ ಫೋರ್ ವೀಲ್ ಕೂಡಿಸುವ ಮೋಟರು ಕೆಟ್ಟಿರಬೇಕು. ಬಳಿಕ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ಫೋರ್ ಲೋ ಹಾಕಿನೋಡಿ. ಯಾರೂ ಬಳಸದೆ ಬಿಟ್ಟ ವಾಹನಗಳಲ್ಲಿ ಈ ಲಿವರ್ ಜಾಮ್ ಆಗಿರುವುದು ಸಾಮಾನ್ಯ. ವಾಪಸು ಟೂ ವೀಲ್‌ಗೆ ಬರುವಾಗ ಲಿವರ್ ಹಟ ಹಿಡಿದರೆ ಗಾಬರಿಯಾಗಬೇಕಿಲ್ಲ, ನಾಲ್ಕು ಅಡಿ ರಿವರ್ಸ್ ಹೋದರೆ ಒಳಗಿನ ತಿರುಚು ಬಿಚ್ಚಿಕೊಂಡು ಸಡಿಲವಾಗುತ್ತದೆ.

ಕೆಳಗೆ ಮಲಗಿ ನೋಡುವ ಕೆಲಸವನ್ನು ಮೆಕ್ಯಾನಿಕ್‌ಗೇ ಬಿಡದೆ ನೀವೂ ಒಮ್ಮೆ ಮಾಡಿ. ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿದಾಗ ಅದರ ತುದಿಯ ಜಾಯಿಂಟಿನಲ್ಲಿರುವ ಕ್ರಾಸ್ (ಶಿಲುಬೆಯಾಕಾರದ ತುಂಡು) ತನ್ನ ಕಪ್ಪಿನೊಳಗೆ ಅಲುಗಾಡಬಾರದು. ಮುಂದಿನ ಚಕ್ರಗಳ ಒಳಬದಿಯ ರಬ್ಬರ್ ಬೂಟ್ ಹರಿದಿದ್ದರೆ ಸುತ್ತಲೂ ಗ್ರೀಸ್ ಚಿಮ್ಮಿದ ಗುರುತಿರುತ್ತದೆ. ಡಿಫರೆನ್ಷಿಯಲ್ಲಿನ ಆಯಿಲ್ ಪ್ಲಗ್ ಬಿಚ್ಚಿಸಿ: ಆಯಿಲ್ ಹಾಲು ಬೆರೆಸಿದಂತೆ ಬಿಳಿಚಿಕೊಂಡಿದ್ದರೆ ವಾಹನ ಆಳದ ನೀರಿನಲ್ಲಿ ಇಳಿದಿದೆ, ಆಮೇಲೆ ಯಾರೂ ಅದನ್ನು ನೋಡಿಲ್ಲ. ಪ್ಲಗ್ಗಿನ ಅಯಸ್ಕಾಂತಕ್ಕೆ ಕಾಡಿಗೆಯಷ್ಟು ನುಣುಪಾದ ಪುಡಿ ಅಂಟಿರುವುದು ಸಹಜ, ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕರೆ ಆ ವಾಹನ ಬೇಡ. ಚಾಸಿಯ ಮೂಲೆಗಳಲ್ಲಿ ಒಣಗಿ ಕೂತ ಮಣ್ಣನ್ನು ಕೆರೆದು ಅದರಡಿಯ ತುಕ್ಕನ್ನೂ ನೋಡಿ.

ಕೊಂಡ ಮೇಲೆ ಒಣ ತಿಂಗಳುಗಳಲ್ಲೂ ತಿಂಗಳಿಗೊಮ್ಮೆ ನಿಮ್ಮ ಮಣ್ಣಿನ ದಾರಿಯಲ್ಲಿ ಫೋರ್ ವೀಲ್ ಹಾಕಿ ಓಡಿಸಿ. ಒಳಗೆ ಆಯಿಲ್ ಹರಿದಾಡದಿದ್ದರೆ ಸೀಲುಗಳು ಒಣಗಿ ಸೋರತೊಡಗುತ್ತವೆ. ಮುಂದೆ ಹಿಂದೆ ಕಾಣುವ ಕೊಂಡಿಗಳು ಎಳೆಯಲಿಕ್ಕೆ ಇರುವವೇ, ಅಥವಾ ವಾಹನವನ್ನು ಲಾರಿಗೆ ಹೇರಿದಾಗ ಕಟ್ಟಲಷ್ಟೇ ಇರುವವೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಟ್ಟುಕೊಳ್ಳಿ, ಏಕೆಂದರೆ ಕಟ್ಟುವ ಕೊಂಡಿಗೆ ಹಗ್ಗ ಹಾಕಿ ಕೆಸರಿನಿಂದ ಜಗ್ಗಿದರೆ ಅದು ಕಿತ್ತು ಬಂದು ಹಗ್ಗದ ಸಮೇತ ಎದುರಿನವರಿಗೆ ಬಡಿಯಬಹುದು.