ಸಹಾಯ ಬೇಕು: ಬ್ಯೂಟೇನ್ ಅನಿಲವನ್ನು ದ್ರವವಾಗಿಸುವ ಪ್ರಯೋಗ

ತುಮಕೂರಿನ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಬೋಧಿಸುವ ನಾನು, ಸಾಮಾನ್ಯ ಒತ್ತಡದಲ್ಲಿ ಸುಮಾರು −0.5 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ಬ್ಯೂಟೇನನ್ನು ಮಂಜುಗಡ್ಡೆ ಮತ್ತು ಉಪ್ಪಿನ ಮಿಶ್ರಣದಲ್ಲಿ ತಂಪಾಗಿಸಿ, ಐದಾರು ಮಿಲಿಲೀಟರ್ ದ್ರವವನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕೆಂದಿದ್ದೇನೆ. ಖಾಲಿ ಕೊಳವೆಯಿಟ್ಟು ನೋಡಿದಾಗ ಮಿಶ್ರಣ −12ಕ್ಕೆ ಇಳಿದು, ಗಾಜಿನ ಹೊರಮೈ ಬೆಳ್ಳಗೆ ಹಿಮಗಟ್ಟಿತು. ಆದರೆ ಪ್ರಯೋಗದ ಅನಿಲಗಳನ್ನು ಹೊರಹಾಕುವ ಕಪಾಟಾದ ನಮ್ಮ ಫ್ಯೂಮ್ ಹುಡ್‌ನ ಫ್ಯಾನ್ ಸರಿಯಾಗಿ ಎಳೆಯುತ್ತಿಲ್ಲ (ದುರಸ್ತಿಗೆ ಅರ್ಜಿ ಕೊಟ್ಟು ಎರಡು ತಿಂಗಳಾಯಿತು). ಗಾಳಿಗಿಂತ ಸುಮಾರು ಎರಡು ಪಟ್ಟು ಭಾರವಾದ ಈ ಅನಿಲ ನೆಲಮಟ್ಟದಲ್ಲಿ ಹರಡಿ, ಸ್ವಿಚ್ಚಿನ ಕಿಡಿಗೆ ಹೊತ್ತಿಕೊಂಡೀತೆಂಬ ಭಯದಿಂದ ಮುಂದುವರಿದಿಲ್ಲ. ಸಹೋದ್ಯೋಗಿಯೊಬ್ಬರು ದ್ರವ ನೈಟ್ರೋಜನ್ ಸೂಚಿಸಿದರಾದರೂ, −196 ಡಿಗ್ರಿಯಲ್ಲಿ ಗಾಳಿಯ ಆಮ್ಲಜನಕವೂ ದ್ರವವಾಗಿ ಕೊಳವೆಯೊಳಗೆ ಸೇರಿ ಸ್ಫೋಟದ ಅಪಾಯವಾಗಬಹುದಾದ್ದರಿಂದ ನಾನು ಒಪ್ಪಲಿಲ್ಲ. ಈ ಪ್ರಯೋಗ ಮಾಡಿದವರು, ಹುಡ್ ರಿಪೇರಿಯಾದ ಮೇಲೆ ನಾನು ಯಾವ ಎಚ್ಚರ ವಹಿಸಬೇಕು, ಉಳಿದ ದ್ರವವನ್ನು ಹೇಗೆ ವಿಲೇವಾರಿ ಮಾಡಬೇಕು ಎಂಬುದನ್ನು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.