ಪುಟ್ಟಿ, ಗುರುವಿನ ಬಗ್ಗೆ ನೀನು ಕೇಳಿದ್ದಕ್ಕೆ

ಪುಟ್ಟಿ, ರಾತ್ರಿ ಹನ್ನೊಂದೂವರೆಗೆ ನೀನು ನಮ್ಮ ಮನೆಯವರ ಗ್ರೂಪಿಗೆ ಹಾಕಿದ ಮೆಸೇಜನ್ನು ಬೆಳಿಗ್ಗೆ ಕಾಫಿ ಕುಡಿಯುವಾಗ ಓದಿದೆ. ಆರು ತಿಂಗಳಿಂದ ದಿನಾ ವಿಷ್ಣು ಸಹಸ್ರನಾಮ ಹೇಳಿಕೊಂಡು, ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುತ್ತಿದ್ದೀಯ. ಸಂತೋಷ. ಗುರು ಉಪದೇಶ ಇಲ್ಲದೆ ಇದನ್ನೆಲ್ಲ ಮಾಡಿದರೆ ಮನೆಗೆ ಕೇಡು ಅಂತ ನಿಮ್ಮ ಅಪಾರ್ಟ್‌ಮೆಂಟಿನ ಆಕೆ ಹೆದರಿಸಿದ್ದಾರೆ. ಅವರ ಗುರೂಜಿ ಗುರುಪೂರ್ಣಿಮೆಗೆ ದೀಕ್ಷೆ ಕೊಡುತ್ತಾರೆ, 21,000 ರೂಪಾಯಿ, ಶುಕ್ರವಾರದೊಳಗೆ ಕಟ್ಟಬೇಕು. ಗುರು ಬೇಕೇ ಬೇಕಾ ದೊಡ್ಡಮ್ಮ ಅಂತ ಕೇಳಿದ್ದೀಯ. ಟೈಪ್ ಮಾಡುವುದು ನನ್ನ ಕೈಲಿ ಆಗಲ್ಲ. ಮಾತಾಡುತ್ತೇನೆ, ಫೋನೇ ಬರೆದುಕೊಳ್ಳಲಿ. ಉದ್ದ ಆಯಿತು ಅಂತ ಯಾರೂ ಗೊಣಗಬೇಡಿ.

ನನ್ನ ಬಳೆ ಕತೆ ನಿನಗೆ ಗೊತ್ತಲ್ವಾ? ನಿಮ್ಮಮ್ಮ ಹೇಳಿಲ್ವಾ? ಹೇಳಿರುವುದಿಲ್ಲ ಬಿಡು.

1986ನೇ ಇಸವಿ. ನಾವು ಬೆಂಗಳೂರಿನ ಹನುಮಂತನಗರದ ವಠಾರದಲ್ಲಿದ್ದೆವು. ನಿಮ್ಮ ದೊಡ್ಡಪ್ಪನ ಫ್ಯಾಕ್ಟರಿ ಲಾಕೌಟ್. ನನ್ನ ಮಗನಿಗೆ, ನಿಮ್ಮಣ್ಣನಿಗೆ, ಬಿಟ್ಟು ಬಿಟ್ಟು ಜ್ವರ. ಆಗ ನನ್ನ ತಮ್ಮ, ನಿನ್ನ ದೊಡ್ಡ ಮಾವ, ಈ ಗ್ರೂಪಿನಲ್ಲೇ ಇದ್ದಾನೆ, ಓದಿಕೊಳ್ಳಲಿ, ಒಬ್ಬ ಸ್ವಾಮಿಗಳು ಬಂದಿದ್ದಾರೆ ಬಾ ಅಕ್ಕ ಅಂತ ಕರೆದುಕೊಂಡು ಹೋದ. ಯಾರದೋ ಮನೆಯ ನಡುಮನೆ. ಗುರುವಾರ ಸಂಜೆ. ದಿವಾನದ ಮೇಲೆ ಹುಲಿ ಪಟ್ಟೆಯ ಕಂಬಳಿ ಹಾಸಿಕೊಂಡು ಕೂತಿದ್ದರು. ಕಿವಿಯಲ್ಲಿ ಮಂತ್ರ ಹೇಳಿದರು. ನಾನು ಸುಮ್ನೆ, ತಿಳಿದುಕೊಳ್ಳೋಣ ಅಂತ, "ಸ್ವಾಮಿ, ಇದರ ಅರ್ಥ ಏನು?" ಅಂದೆ. ಅವರು ಕಣ್ಣು ಮುಚ್ಚಿಕೊಂಡರು. ಪಕ್ಕದಲ್ಲಿದ್ದವಳು ನನ್ನ ತೊಡೆ ಚಿವುಟಿದಳು. ಗುರುವನ್ನು ಪ್ರಶ್ನೆ ಮಾಡಬಾರದಮ್ಮ, ಏಳು ಜನ್ಮ ಹಿಂದಕ್ಕೆ ಹೋಗುತ್ತೀಯ ಅಂದಳು. ಆಗಲೇ ಎದ್ದು ಬರಬೇಕಿತ್ತು. ಬರಲಿಲ್ಲ.

ನಾಲ್ಕನೇ ಗುರುವಾರ, ಮೋಹ ಬಿಡು, ಕೈಯಲ್ಲಿರುವುದನ್ನು ಬಿಡು ಅಂದರು. ಕೈಯಲ್ಲಿದ್ದದ್ದು ನಮ್ಮಮ್ಮನ ಎರಡು ಬಳೆ. ಬಿಗಿಯಾಗಿದ್ದವು, ಬರುತ್ತಿರಲಿಲ್ಲ. ಬಚ್ಚಲಿಗೆ ಕರೆದುಕೊಂಡು ಹೋಗಿ ಕೆಂಪು ಸೋಪು ಹಚ್ಚಿ ಎಳೆದರು. ಹೆಬ್ಬೆರಳ ಬುಡದಲ್ಲಿ ಚರ್ಮ ಕಿತ್ತು ಬಂತು. ಆ ಸೋಪಿನ ವಾಸನೆ ಬಂದರೆ ಇವತ್ತೂ ನನಗೆ ಅಲ್ಲಿ ಉರಿಯುತ್ತದೆ. ಮುಂದಿನ ತಿಂಗಳು ಹೋದರೆ ಬಾಗಿಲಿಗೆ ಬೀಗ, ಗೇಟಿಗೆ 'ಮನೆ ಬಾಡಿಗೆಗಿದೆ' ಬೋರ್ಡು. ಮಗುವಿನ ಜ್ವರ ಟೈಫಾಯ್ಡ್ ಆಗಿತ್ತು. ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಕೊಟ್ಟ ಮೇಲೆ ಹೋಯಿತು.

ಅದಕ್ಕೇ ಹೇಳುವುದು. ಪ್ರಶ್ನೆ ಕೇಳಬೇಡ ಅನ್ನುವ ಕಡೆ ಕೂರಬೇಡ. ಚಪ್ಪಲಿ ಮೆಟ್ಟಿಕೊಂಡು ಎದ್ದು ಬಾ.

ಗುರು ಬೇಡ ಅಂತ ನಾನು ಹೇಳುತ್ತಿಲ್ಲ. ಮುಂಡಕ ಉಪನಿಷತ್ತು ಗುರುವಿನ ಹತ್ತಿರ ಹೋಗು ಅಂತಲೇ ಹೇಳುತ್ತದೆ. ಹೇಗೆ ಹೋಗಬೇಕು? ಕೈಯಲ್ಲಿ ಸಮಿತ್ತು ಹಿಡಿದು. ಸಮಿತ್ತು ಕಣೇ, ಹೋಮಕ್ಕೆ ಹಾಕುವ ಕಡ್ಡಿ. ಬಳೆ ಅಲ್ಲ. ಗುರು ಹೇಗಿರಬೇಕು ಅಂತಲೂ ಅಲ್ಲೇ ಇದೆ, ವೇದ ತಿಳಿದಿರಬೇಕು, ಬ್ರಹ್ಮದಲ್ಲಿ ನೆಲೆ ನಿಂತಿರಬೇಕು. ಗೀತೆಯ ನಾಲ್ಕನೇ ಅಧ್ಯಾಯದಲ್ಲಿ ಕೃಷ್ಣ, ನಮಸ್ಕಾರ ಮಾಡಿ, ಸೇವೆ ಮಾಡಿ, ಮತ್ತೆ ಮತ್ತೆ ಪ್ರಶ್ನೆ ಕೇಳಿ ತಿಳಿದುಕೋ ಅನ್ನುತ್ತಾನೆ. ಅರ್ಜುನ ಕೇಳಿದ್ದು ಒಂದಾ ಎರಡಾ? ಕೊನೆಗೆ ಹದಿನೆಂಟನೇ ಅಧ್ಯಾಯದಲ್ಲಿ ಕೃಷ್ಣನೇ, ಎಲ್ಲ ಯೋಚನೆ ಮಾಡಿ ನಿನಗೆ ಇಷ್ಟ ಬಂದ ಹಾಗೆ ಮಾಡಪ್ಪ ಅಂದ. ಶುಕ್ರವಾರದೊಳಗೆ ಅಂದನಾ? ನರೇಂದ್ರ, ಅಂದರೆ ವಿವೇಕಾನಂದರು, ತಮ್ಮ ಗುರು ರಾಮಕೃಷ್ಣರು ದುಡ್ಡು ಮುಟ್ಟಲ್ಲ ಅನ್ನುವುದು ನಿಜವಾ ಅಂತ ಪರೀಕ್ಷೆ ಮಾಡಲು ಅವರ ಹಾಸಿಗೆ ಕೆಳಗೆ ಗುಟ್ಟಾಗಿ ನಾಣ್ಯ ಇಟ್ಟಿದ್ದರಂತೆ. ರಾಮಕೃಷ್ಣರು ಕೋಪಿಸಿಕೊಳ್ಳಲಿಲ್ಲ. ರಮಣ ಮಹರ್ಷಿಗಳನ್ನು ನೋಡು, 1896ರಲ್ಲಿ 16 ವರ್ಷಕ್ಕೆ ತಿರುವಣ್ಣಾಮಲೆಗೆ ಹೋದ ಹುಡುಗ. ದೀಕ್ಷೆ ಕೊಟ್ಟವರು ಯಾರೂ ಇಲ್ಲ. ಅಲ್ಲಿನ ಅರುಣಾಚಲ ಬೆಟ್ಟವೇ ಗುರು.

ಬಳೆ ಹೋದದ್ದಕ್ಕಿಂತ ಜಾಸ್ತಿ ಬೇಜಾರು ಇನ್ನೊಂದು. ಕೇಳಿ ವಾಪಸ್ ತರೋಣ ಬಾ ಅಂದರೆ ನನ್ನ ತಮ್ಮ ಬರಲಿಲ್ಲ. ನಿನಗೆ ನಂಬಿಕೆ ಸಾಲದು ಅಕ್ಕ, ಅದಕ್ಕೇ ಫಲ ಸಿಗಲಿಲ್ಲ ಅಂದ! ಅವನ ಮಗಳ ಮದುವೆಯಲ್ಲಿ ಯಾರೋ ಅಮ್ಮನ ಬಳೆ ಎಲ್ಲಿ ಅಂತ ಕೇಳಿದರು. ನಾದಿನಿ ನಗುನಗುತ್ತಾ, ಅತ್ತಿಗೆ ದಾನ ಮಾಡಿದರು ಅಂದಳು. ಛತ್ರದ ತುಂಬಾ ಜನ. ಬಾಯಿಗಿಟ್ಟ ಒಬ್ಬಟ್ಟು ನನಗೆ ಒಳಗೆ ಇಳಿಯಲಿಲ್ಲ. ಈಗ ದಿನಾ ಬೆಳಿಗ್ಗೆ ಅವನೇ ಕಮಲದ ಹೂವಿನ ಚಿತ್ರ ಹಾಕಿ ಗುರುವಿನ ಮಹಿಮೆ ಕಳಿಸುತ್ತಾನೆ. ನಾನು ತೆರೆದು ನೋಡುವುದಿಲ್ಲ. ಒಂದು ಸಲ ತಪ್ಪಾಯಿತು ಅಕ್ಕ ಅಂದಿದ್ದರೆ ನೋಡುತ್ತಿದ್ದೆನೇನೋ. ಇರಲಿ.

ಇನ್ನೊಂದು ಸಲ ಹೇಳುತ್ತೇನೆ ಪುಟ್ಟಿ, ಪ್ರಶ್ನೆ ಕೇಳಬೇಡ ಅಂದರೋ, ಎದ್ದು ಬಾ. ನಂಟರು ಕರೆದುಕೊಂಡು ಹೋಗಿದ್ದರೂ ಸರಿ.

ಅಯ್ಯೋ, ನೀನು ಕೇಳಿದ್ದೇ ಮರೆತೆ. ಸಹಸ್ರನಾಮಕ್ಕೆ ದೀಕ್ಷೆ ಬೇಕಿಲ್ಲ. ಅದು ಶುರುವಾಗಿದ್ದೇ ಪ್ರಶ್ನೆಯಿಂದ, ಬಾಣದ ಮಂಚದ ಮೇಲೆ ಮಲಗಿದ್ದ ಭೀಷ್ಮನನ್ನು ಧರ್ಮರಾಯ ಕೇಳಿದ್ದು. ದಿನಾ ಕೇಳಿದವರಿಗೂ ಹೇಳಿದವರಿಗೂ ಅಶುಭ ಇಲ್ಲ ಅಂತ ಫಲಶ್ರುತಿಯಲ್ಲೇ, ಅಂದರೆ ಹೇಳಿದ್ದಕ್ಕೆ ಏನು ಫಲ ಅಂತ ಕೊನೆಯಲ್ಲಿ ಬರುವ ಭಾಗದಲ್ಲೇ ಇದೆ. ಕೇಡು ಎಲ್ಲಿಂದ ಬರುತ್ತದೆ? ನಿಲ್ಲಿಸಬೇಡ. ಹ್ರೀಂ, ಕ್ಲೀಂ ಅನ್ನುವಂಥ ಬೀಜಾಕ್ಷರದ ಮಂತ್ರ, ಶ್ರೀವಿದ್ಯೆ ಅನ್ನುವ ದೇವಿಯ ಉಪಾಸನೆ, ಉಸಿರು ಬಿಗಿ ಹಿಡಿಯುವ ಪ್ರಾಣಾಯಾಮ, ಇವನ್ನು ಮಾತ್ರ ಯೂಟ್ಯೂಬ್ ನೋಡಿ ಮಾಡಬೇಡ. ಅದಕ್ಕೆ ತಿಳಿದವರ ಉಪದೇಶ ಬೇಕು. ಯಾರನ್ನಾದರೂ ಗುರು ಅಂತ ಒಪ್ಪುವ ಮುಂಚೆ ಒಂದು ವರ್ಷ ಸುಮ್ನೆ ಹೋಗಿ ಬಂದು ನೋಡು. ಆ 21,000 ಕಟ್ಟಬೇಡ. ಆಗಲೇ ಅಡ್ವಾನ್ಸ್ ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ ವಾಪಸ್ ಕೇಳು. ಒಬ್ಬಳೇ ಕೇಳಬೇಡ, ನಾನೂ ಬರುತ್ತೇನೆ.

ನಮ್ಮ ಬೀದಿ ಕೊನೆ ಮನೆಯಲ್ಲಿ ರಿಟೈರ್ ಆದ ಸಂಸ್ಕೃತ ಮೇಷ್ಟ್ರು ಭಾನುವಾರ ನಾಲ್ಕು ಗಂಟೆಗೆ ಸಹಸ್ರನಾಮದ ಅರ್ಥ ಹೇಳುತ್ತಾರೆ. ಫೀಸಿಲ್ಲ. ಪ್ರಶ್ನೆ ಕೇಳಿದರೆ ಕನ್ನಡಕ ಹಣೆಗೆ ಏರಿಸಿಕೊಂಡು ಅರ್ಧ ಗಂಟೆ ಹೇಳುತ್ತಾರೆ, ಕಾಫಿ ಆರಿಹೋಗುತ್ತದೆ. ಮೂರೂವರೆಗೇ ಬಾ. ಬರುವಾಗ ಗಾಂಧಿ ಬಜಾರಿನಲ್ಲಿ ದಪ್ಪಕ್ಷರದ ಪುಸ್ತಕ ಸಿಕ್ಕರೆ ಎರಡು ತಗೋ. ನನ್ನದರಲ್ಲಿ ಫಲಶ್ರುತಿಯ ಹಾಳೆಯೇ ಕಿತ್ತುಹೋಗಿದೆ.